ಗಾಲಿಕುರ್ಚಿಯ ಮನೆಯಲ್ಲೂ ನಗುವಿದೆ

ಕನ್ನಡವು ಕಾಲುಗಳನ್ನು ಬಹಳವಾಗಿ ನೆಚ್ಚಿಕೊಂಡ ಭಾಷೆ. ಸಂಪಾದನೆಗೆ ತೊಡಗಿದವನು ತನ್ನ ಕಾಲಿನ ಮೇಲೆ ತಾನು ನಿಲ್ಲುತ್ತಾನೆ. ದುಂದುಗಾರನಿಗೆ ಹಾಸಿಗೆ ಇದ್ದಷ್ಟು ಕಾಲು ಚಾಚೆಂದು ಹಿರಿಯರು ತಿಳಿಹೇಳುತ್ತಾರೆ. ಜಗಳಗಂಟನು ಕಾಲು ಕೆರೆದುಕೊಂಡು ಬರುತ್ತಾನೆ. ಹೆದರಿದವನು ಕಾಲಿಗೆ ಬುದ್ಧಿ ಹೇಳುತ್ತಾನೆ. ಹನ್ನೊಂದು ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಕುಳಿತು ಚಂದಾಪುರದ ಮಕ್ಕಳಿಗೆ ದೀನಿನ ಪಾಠವನ್ನೂ ಕನ್ನಡವನ್ನೂ ಬೋಧಿಸುತ್ತಿರುವ ನಮಗೆ ಈ ನುಡಿಗಟ್ಟುಗಳೊಂದಿಗೆ ತುಸು ವಿಶೇಷವಾದ ಸಂಬಂಧವಿದೆ.

ಒಮ್ಮೆ ಪಾಠದಲ್ಲಿ 'ಕಾಲಿಗೆ ಬುದ್ಧಿ ಹೇಳು' ಎಂಬ ನುಡಿಗಟ್ಟು ಬಂತು. ಓದುತ್ತಿದ್ದ ಹುಡುಗ ಅಲ್ಲಿಗೇ ನಿಲ್ಲಿಸಿದ. ತರಗತಿ ಸ್ತಬ್ಧವಾಯಿತು. ಮುಂದಿನ ಸಾಲಿನ ಮಕ್ಕಳು ನಮ್ಮ ಮುಖವನ್ನು ನೋಡಲಾರದೆ ಪುಸ್ತಕದೊಳಗೆ ತಲೆ ತಗ್ಗಿಸಿದರು. ನಾವು ಹೇಳಿದೆವು: "ಯಾಕೆ ನಿಲ್ಲಿಸಿದಿರಿ? ಹನ್ನೊಂದು ವರ್ಷಗಳಿಂದ ನಾವೂ ನಮ್ಮ ಕಾಲಿಗೆ ಬುದ್ಧಿ ಹೇಳುತ್ತಲೇ ಇದ್ದೇವೆ. ಅದೂ ನಿಮ್ಮ ಹಾಗೆಯೇ, ಹೇಳಿದ ಮಾತು ಕೇಳುವುದಿಲ್ಲ." ಒಂದು ಕ್ಷಣ ಮಕ್ಕಳಿಗೆ ನಗಬಹುದೋ ನಗಬಾರದೋ ತಿಳಿಯಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಂದು ಕಿಸಕ್ಕೆಂಬ ಸದ್ದು ಬಂತು, ಇಡೀ ತರಗತಿ ನಕ್ಕಿತು. ಅಂದಿನಿಂದ 'ಹಜ್ರತ್' ಎಂದು ನಮ್ಮನ್ನು ಕರೆಯುವ ಯಾವ ಮಗುವೂ ಕಾಲು ಎಂಬ ಪದವನ್ನು ಪಿಸುಗುಟ್ಟಿಲ್ಲ.

ಈ ಲೇಖನದಲ್ಲಿ 'ನಾವು' ಎಂಬ ಪದ ಮತ್ತೆಮತ್ತೆ ಬರುತ್ತದೆ. ಗಾಲಿಕುರ್ಚಿಯ ಮನೆಯಲ್ಲಿ 'ನಾನು' ಎಂಬುದಕ್ಕೆ ಹೆಚ್ಚಿನ ಕೆಲಸವಿಲ್ಲ. ಕುಳಿತವರೊಬ್ಬರು, ತಳ್ಳುವವರೊಬ್ಬರು, ಮುಂದೆ ಓಡಿಹೋಗಿ ಬಾಗಿಲು ತೆರೆಯುವವರೊಬ್ಬರು. ಹೊರಗೆ ಹೊರಟರೆ ಒಂದು ಸಣ್ಣ ಜಮಾಅತ್ತೇ ಹೊರಟಂತೆ. ಅಪಘಾತವೂ ಒಬ್ಬರಿಗೆ ಆದುದಲ್ಲ, ಐದು ಜನರಿಗೆ ಆದುದು. ನಗುವೂ ಐದು ಜನರದು.

ಆದರೆ ಆ ನಗು ತಾನಾಗಿ ಬರಲಿಲ್ಲ. ಮಳೆಗಾಲದ ಒಂದು ಸಂಜೆ, ಹೊಸೂರು ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ನೀರು ತುಂಬಿದ ಹೊಂಡಕ್ಕೆ ಸ್ಕೂಟರ್ ಉರುಳಿ ಬೆನ್ನುಹುರಿಗೆ ಪೆಟ್ಟಾಯಿತು. ನಾಲ್ಕು ತಿಂಗಳ ಬಳಿಕ ಆಸ್ಪತ್ರೆಯಿಂದ ಮರಳಿದಾಗ ಮನೆಯಲ್ಲಿ ಎಲ್ಲವೂ ಇದ್ದಲ್ಲೇ ಇತ್ತು, ಸದ್ದು ಮಾತ್ರ ಇರಲಿಲ್ಲ. ಬಂಧುಗಳು ಬರುತ್ತಿದ್ದರು, ಹಣ್ಣು ಇಟ್ಟು, ಸಬ್ರ್ ಮಾಡಿರೆಂದು ತಗ್ಗಿದ ದನಿಯಲ್ಲಿ ಹೇಳಿ, ಬೇಗನೆ ಎದ್ದು ಹೋಗುತ್ತಿದ್ದರು. ಏಳು ವರ್ಷದ ಮಗ ಹೆಜ್ಜೆಯ ಸಪ್ಪಳವಾಗದಂತೆ ಓಡಾಡುತ್ತಿದ್ದ. ನಮ್ಮ ಮುಂದೆ ನಡೆಯುವುದೇ ಅಪರಾಧವೆಂಬಂತೆ ಇರುತ್ತಿತ್ತು ಅವನ ಮುಖ. ಎರಡು ವರ್ಷದ ಮಗಳೊಬ್ಬಳಿಗೆ ಮಾತ್ರ ಯಾವ ಸಂಕೋಚವೂ ಇರಲಿಲ್ಲ. ಅಬ್ಬಾ ಎಂದರೆ ಗಾಲಿಗಳಿರುವ ಮನುಷ್ಯ ಎಂದೇ ಅವಳು ತಿಳಿದಿದ್ದಳು.

ಮೊದಲ ನಗು ಬಂದದ್ದು ಬಚ್ಚಲ ಬಾಗಿಲಲ್ಲಿ. ನಮ್ಮದು ಬಾಡಿಗೆಯ ಮನೆ. ಬಚ್ಚಲ ಬಾಗಿಲ ಅಗಲ 24 ಅಂಗುಲ, ಹೊಸ ಕುರ್ಚಿಯ ಅಗಲ 25 ಅಂಗುಲ. ಒಂದು ಸಂಜೆ ಒಳಗೆ ಅಮ್ಮಿ ಮಗ್ರಿಬ್‌ಗೆ ವುಝೂ ಮಾಡುತ್ತಿದ್ದರು. ಹೊರಗಿನಿಂದ ನಮ್ಮ ಪತ್ನಿ ಕುರ್ಚಿಯನ್ನು ತುಸು ಜೋರಾಗಿಯೇ ತಳ್ಳಿದಳು. ಕುರ್ಚಿ ಚೌಕಟ್ಟಿನ ನಡುವೆ ಸಿಕ್ಕಿಕೊಂಡಿತು. ಮುಂದಕ್ಕೂ ಬಾರದು, ಹಿಂದಕ್ಕೂ ಬಾರದು. ಅತ್ತ ಮಗ್ರಿಬ್‌ನ ಹೊತ್ತು ಜಾರುತ್ತಿದೆ. "ಅಜೀ, ಸ್ವಲ್ಪ ಹೊತ್ತು ಹೀಗೆಯೇ ಕುಳಿತಿರಿ, ಪಕ್ಕದ ಮನೆಯವರನ್ನು ಕರೆಯುತ್ತೇನೆ" ಎಂದಳು. ಕುಳಿತಿರದೆ ಎಲ್ಲಿಗೆ ಹೋಗುತ್ತೇವೆ ಎಂದೆವು. ಆಗ ಒಳಗಿನಿಂದ ಅಮ್ಮಿಯ ದನಿ ಕೇಳಿಸಿತು: "ಬೇಟಾ, ನನ್ನ ಮದುವೆಯಲ್ಲಿ ತವರಿನಿಂದ ಬಂದ ಮರದ ಬೀರು ಹೀಗೆಯೇ ನಿನ್ನ ಅಬ್ಬಾನ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಆಗ ನಾನು ಹೊರಗಿದ್ದೆ, ಚಿಂತೆ ಇರಲಿಲ್ಲ. ಈಗ ಒಳಗಿದ್ದೇನೆ!" ಮೊದಲು ನಕ್ಕವಳು ನಮ್ಮ ಪತ್ನಿ. ಬಳಿಕ ಅಮ್ಮಿ. ನಾಲ್ಕೈದು ತಿಂಗಳಲ್ಲಿ ಮೊದಲ ಬಾರಿಗೆ ಆ ಮನೆಯಲ್ಲಿ ಮೂವರ ನಗು ಒಟ್ಟಿಗೆ ಕೇಳಿಸಿತು. ಪಕ್ಕದ ಮನೆಯ ಯುವಕರು ಬಂದು ಕುರ್ಚಿಯನ್ನು ಎಳೆದು ಬಿಡಿಸುವಾಗಲೂ ನಮಗೆ ನಗು ತಡೆಯಲಾಗಲಿಲ್ಲ. ಪಾಪ, ಆಘಾತದಿಂದ ಇವರಿಗೆ ಹೀಗಾಗಿದೆ ಎಂದು ಅವರು ತಿಳಿದಿರಬೇಕು.

ಎರಡನೆಯದು ದಸ್ತರಖಾನಿನ ಸಂಗತಿ. ನಮ್ಮ ಮನೆಯಲ್ಲಿ ಎಲ್ಲರೂ ನೆಲದ ಮೇಲೆ ಕುಳಿತು ಉಣ್ಣುವುದು ವಾಡಿಕೆ. ಈಗ ನಾಲ್ವರು ಕೆಳಗೆ, ನಾವೊಬ್ಬರು ಮೇಲೆ. ನ್ಯಾಯಾಧೀಶರ ಮುಂದೆ ಕುಳಿತು ಉಂಡ ಹಾಗೆ ಆಗುತ್ತದೆ ಎಂದು ಅಮ್ಮಿ ಗೊಣಗಿದರು. ಕೊನೆಗೆ ಹಳೆಯ ಮೇಜೊಂದನ್ನು ಕೊಂಡು ತರಲಾಯಿತು. ಅರವತ್ತು ವರ್ಷ ನೆಲದ ಮೇಲೆ ಉಂಡಿದ್ದ ಅಮ್ಮಿ, ಕುರ್ಚಿಯ ಮೇಲೆ ಕಾಲು ನೆಲಕ್ಕೆಟುಕದೆ ತೂಗುತ್ತಿರುವಾಗ, "ಮಗ ಕುಳಿತ, ನಾನು ಮೇಮ್‌ಸಾಹೇಬಳಾದೆ" ಎಂದರು. ಒಬ್ಬನಿಗಾಗಿ ನಾಲ್ವರು ಎತ್ತರಕ್ಕೇರಿದರು.

ಕುರ್‌ಆನಿನ ಅನ್ನೂರ್ ಅಧ್ಯಾಯದ 61ನೆಯ ಸೂಕ್ತವು ಕುರುಡರ, ಕುಂಟರ ಮತ್ತು ರೋಗಿಗಳ ಮೇಲೆ ದೋಷವಿಲ್ಲವೆಂದು ಆರಂಭವಾಗಿ, ಮನೆಮನೆಗಳಲ್ಲಿ ಕೂಡಿ ಉಣ್ಣುವ ವಿಷಯಕ್ಕೆ ಬರುತ್ತದೆ. ಅಂದಿನ ಜನರು ಅಂಥವರೊಡನೆ ಒಂದೇ ಕಡೆ ಉಣ್ಣಲು ಹಿಂಜರಿಯುತ್ತಿದ್ದರು, ಕೆಲವರು ಹೇಸಿಗೆಯಿಂದ, ಕೆಲವರು ಅವರ ಪಾಲು ತಮಗೆ ಬಂದೀತೆಂಬ ಅಳುಕಿನಿಂದ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮದ್ರಸದಲ್ಲಿ ಈ ಸೂಕ್ತವನ್ನು ಕಲಿತಾಗ ಅದು ಊಟದ ಒಂದು ನಿಯಮವೆಂದು ತೋರಿತ್ತು. ಆ ಹಳೆಯ ಮೇಜಿನ ಸುತ್ತ ಕುಳಿತ ಮೇಲೆ ಅದರ ಆಳ ತಿಳಿಯಿತು. ಬೇರೆ ತಟ್ಟೆಯಲ್ಲಿ ಬಡಿಸಿದ ಅನುಕಂಪಕ್ಕಿಂತ ಒಂದೇ ತಟ್ಟೆಯ ಊಟ ದೊಡ್ಡದು. ನಗುವಿನದೂ ಇದೇ ಲೆಕ್ಕ. ಮರುಕಪಡುವವನು ಮೇಲೆ ನಿಂತಿರುತ್ತಾನೆ, ಕೂಡಿ ನಗುವವನು ಪಕ್ಕದಲ್ಲಿ ಕುಳಿತಿರುತ್ತಾನೆ.

ಧಾರ್ಮಿಕರಾದವರು ಸದಾ ಗಂಭೀರವಾಗಿರಬೇಕು, ಪರೀಕ್ಷೆಗೊಳಗಾದವರಂತೂ ನಗಲೇಬಾರದು ಎಂದು ತಿಳಿದವರು ನಮ್ಮಲ್ಲಿದ್ದಾರೆ. ಪ್ರವಾದಿವರ್ಯರ(ಸ) ಬದುಕು ಹಾಗೆ ಹೇಳುವುದಿಲ್ಲ. ಹ. ಅನಸ್(ರ) ವರದಿ ಮಾಡಿದ, ತಿರ್ಮಿದಿಯಲ್ಲಿರುವ ಒಂದು ಪ್ರಸಂಗವನ್ನು ನಮ್ಮ ಮಗಳು ಬಹಳ ಮೆಚ್ಚುತ್ತಾಳೆ. ಒಬ್ಬರು ಸವಾರಿಗೆ ಪ್ರಾಣಿಯೊಂದನ್ನು ಬೇಡಿ ಬಂದರು. ಒಂಟೆಯ ಮರಿಯನ್ನು ಕೊಡುತ್ತೇನೆಂದರು ಪ್ರವಾದಿ(ಸ). ಮರಿಯನ್ನು ಕಟ್ಟಿಕೊಂಡು ಏನು ಮಾಡಲೆಂದು ಅವರು ಪೇಚಾಡಿದಾಗ, ಎಷ್ಟೇ ದೊಡ್ಡ ಒಂಟೆಯಾದರೂ ಅದು ಒಂದು ಒಂಟೆಯ ಮರಿಯೇ ಅಲ್ಲವೇ ಎಂದು ಕೇಳಿದರು. ಸುಳ್ಳಿಲ್ಲ, ನೋವಿಲ್ಲ, ಬೇಡಿದವರಿಗೆ ಸವಾರಿ ಸಿಕ್ಕಿತು, ಜೊತೆಗೆ ಒಂದು ನಗು. ನಮ್ಮ ಕುರ್ಚಿಗೆ ಮಗಳು ಇಟ್ಟ ಹೆಸರು 'ಒಂಟೆಮರಿ'. ಗಾಲಿಗೆ ಗಾಳಿ ಹೊಡೆಸಬೇಕಾದಾಗ, "ಅಬ್ಬಾ, ಒಂಟೆಮರಿಗೆ ಹಸಿವಾಗಿದೆ" ಎನ್ನುತ್ತಾಳೆ.

ಹ. ಆಯಿಶಾ(ರ) ಅವರೊಡನೆ ಪ್ರವಾದಿ(ಸ) ಓಟದ ಪಂದ್ಯ ನಡೆಸಿದ್ದನ್ನು ಅಬೂದಾವೂದ್‌ನಲ್ಲಿ ಓದುತ್ತೇವೆ. ಒಮ್ಮೆ ಅವರು ಗೆದ್ದರು, ವರ್ಷಗಳ ಬಳಿಕ ಇವರು ಗೆದ್ದರು. ಆ ಸುನ್ನತ್ತನ್ನು ನಾವೂ ಪತಿಪತ್ನಿ ಸೂರ್ಯನಗರದ ಕಡೆಯ ಖಾಲಿ ರಸ್ತೆಯಲ್ಲಿ, ಫಜ್ರ್ ನಂತರ, ಆಗಾಗ ಪಾಲಿಸುತ್ತೇವೆ. ಅವಳು ಹಿಂದಿನಿಂದ ತಳ್ಳುತ್ತಾಳೆ, ನಾವು ಗಾಲಿ ತಿರುಗಿಸುತ್ತೇವೆ. ಪ್ರತಿ ಬಾರಿಯೂ ನಾವೇ ಗೆಲ್ಲುತ್ತೇವೆ, ಏಕೆಂದರೆ ಕುರ್ಚಿಯ ಕಾಲುಹಲಗೆ ಮುಂದಿರುತ್ತದೆ. ಶ್ರಮವೆಲ್ಲ ನನ್ನದು, ಗೆಲುವೆಲ್ಲ ನಿಮ್ಮದು ಎಂದು ಅವಳು ದೂರುತ್ತಾಳೆ. ಹೆಚ್ಚಿನ ಸಂಸಾರಗಳಲ್ಲಿ ಹೀಗೆಯೇ ನಡೆಯುತ್ತದೆ, ನಮ್ಮಲ್ಲಿ ಮಾತ್ರ ಅದು ಕಣ್ಣಿಗೆ ಕಾಣಿಸುತ್ತದೆ ಎಂಬುದು ಅವಳ ತೀರ್ಪು.

ಹೊರಗಿನ ಜಗತ್ತೂ ನಗಲು ಧಾರಾಳವಾಗಿ ಕಾರಣ ಒದಗಿಸುತ್ತದೆ. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿನಲ್ಲಿ ಚಂದಾಪುರ ವೃತ್ತದಲ್ಲಿ ಸಿಕ್ಕಿಕೊಂಡವರಿಗೆ ಅಲ್ಲಿನ ಸ್ಥಿತಿಯನ್ನು ವಿವರಿಸಬೇಕಿಲ್ಲ. ಬಸ್ಸು, ಲಾರಿ, ಕಂಪೆನಿಯ ವಾಹನ, ಎಲ್ಲವೂ ನಿಂತಿರುವಾಗ ಅಂಚಿನಲ್ಲಿ ನಮ್ಮ ಒಂಟೆಮರಿಯೊಂದೇ ಮುಂದೆ ಸಾಗುತ್ತಿರುತ್ತದೆ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಮೆಟ್ರೋದ ಹಳದಿ ಮಾರ್ಗ ತೆರೆದ ಮೇಲೆ ಐವರೂ ಒಮ್ಮೆ ಅದರಲ್ಲಿ ಹೋದೆವು. ಬೋಗಿ ಕಿಕ್ಕಿರಿದಿತ್ತು. ನಮ್ಮನ್ನು ಕಂಡೊಡನೆ ಸಭ್ಯ ಯುವಕನೊಬ್ಬ ತಟ್ಟನೆ ಎದ್ದು, "ಸರ್, ಕೂತ್ಕೊಳ್ಳಿ" ಎಂದು ತನ್ನ ಆಸನವನ್ನು ತೋರಿಸಿದ. "ನಾವು ಆಸನವನ್ನು ಮನೆಯಿಂದಲೇ ತಂದಿದ್ದೇವಪ್ಪಾ" ಎಂದೆವು. ಆತ ನಾಚಿ ನಕ್ಕ, ಸುತ್ತಲಿನವರೂ ನಕ್ಕರು. ಆ ಜಾಗದಲ್ಲಿ ಅಮ್ಮಿ ಕುಳಿತರು. ರಾಜಕಾರಣಿಗಳು ಕುರ್ಚಿಗಾಗಿ ಬಡಿದಾಡುವ ಈ ನಾಡಿನಲ್ಲಿ ಯಾರೂ ಕಿತ್ತುಕೊಳ್ಳಲು ಬಾರದ ಕುರ್ಚಿ ನಮ್ಮದೊಂದೇ ಎಂದು ಮಗಳು ಆಗಾಗ ನೆನಪಿಸುತ್ತಾಳೆ.

ಸೋಮಾರಿತನಕ್ಕೆ ಮಾತ್ರ ಅವಳಲ್ಲಿ ರಿಯಾಯಿತಿ ಇಲ್ಲ. ಎಳವೆಯಲ್ಲೇ ನಡೆಯುವ ಶಕ್ತಿ ಕಳೆದುಕೊಂಡು, ಗಾಲಿಕುರ್ಚಿಯಲ್ಲೇ ದೇಶವಿದೇಶಗಳ ಕ್ರೀಡಾಕೂಟಗಳಲ್ಲಿ ನೂರಾರು ಪದಕ ಗೆದ್ದು, 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಮಾಲತಿ ಹೊಳ್ಳರ ಬಗ್ಗೆ ಓದಿಬಂದ ದಿನ ಅವಳು ಹೇಳಿದ್ದು: "ಅಬ್ಬಾ, ಅವರು ಅಷ್ಟು ಪದಕ ತಂದಿದ್ದಾರೆ. ನೀವು ಮೂಲೆಯ ಅಂಗಡಿಯಿಂದ ಒಂದು ಕಟ್ಟು ಕೊತ್ತಂಬರಿ ತನ್ನಿ ಸಾಕು." ತಂದೆವು.

ಹಾಗೆಂದು ಎಲ್ಲ ನಗುವೂ ಒಂದೇ ಅಲ್ಲ. ಒಂದು ಮದುವೆಯ ಮನೆಯಲ್ಲಿ ದೂರದ ಬಂಧುವೊಬ್ಬರು ಹತ್ತು ಜನರ ಮುಂದೆ, "ನಿಮಗೇನು ಸಾಹೇಬರೇ, ಜೀವನವಿಡೀ ಕೂತು ಉಣ್ಣುವ ಭಾಗ್ಯ" ಎಂದರು. ಹಲವರು ನಕ್ಕರು. ಮಗಳು ನಗಲಿಲ್ಲ. "ಮಾಮು, ಊಟ ಮುಗಿಯುವವರೆಗೆ ನೀವೂ ಏಳದೆ ಕೂತಿರಿ. ನೀರು ಬೇಕಾದರೂ ಬೇರೆಯವರನ್ನು ಕೇಳಿ" ಎಂದಳು. ಅವರು ಮಾತು ಬದಲಿಸಿದರು. ಆದರೆ ಕೈ ತೊಳೆಯಲು ಏಳುವಾಗ ಒಂದು ಕ್ಷಣ ತಡೆದು ನಿಂತು ನಮ್ಮ ಕಡೆ ನೋಡಿದ್ದನ್ನು ನಾವು ಕಂಡೆವು.

ಮನೆಯಲ್ಲಿ ಇದಕ್ಕಿಂತ ಚುರುಕಾದ ಮಾತುಗಳನ್ನು ದಿನವೂ ಆಡುತ್ತೇವೆ, ಅವು ನೋಯಿಸುವುದಿಲ್ಲ. ವ್ಯತ್ಯಾಸ ಎಲ್ಲಿದೆ? ನಮ್ಮ ಮನೆಯವರು ನಗುವ ಮೊದಲು ತಳ್ಳಿದ್ದಾರೆ, ಎತ್ತಿದ್ದಾರೆ, ರಾತ್ರಿ ಎರಡು ಗಂಟೆಗೆ ಎದ್ದು ಮಗ್ಗುಲು ಬದಲಿಸಿದ್ದಾರೆ. ಆ ನಗುವಿನ ಬೆಲೆಯನ್ನು ಅವರು ಮುಂಗಡವಾಗಿಯೇ ಕೊಟ್ಟಿದ್ದಾರೆ. ಇಬ್ನು ಮಸ್ಊದ್(ರ) ಅವರ ಕಾಲುಗಳು ಬಹಳ ತೆಳ್ಳಗಿದ್ದವು. ಅವರು ಮರದ ಮೇಲಿದ್ದಾಗ ಬೀಸಿದ ಗಾಳಿಗೆ ಆ ಕಾಲುಗಳು ಕಂಡು ಜೊತೆಗಿದ್ದವರು ನಕ್ಕರು. ಅಂತ್ಯದಿನದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಬೆಟ್ಟಕ್ಕಿಂತಲೂ ಭಾರವಾಗಿರುವುವು ಎಂದು ಪ್ರವಾದಿ(ಸ) ಅವರಿಗೆ ತಿಳಿಸಿದರು. ಒಂಟೆಮರಿಯ ವಿನೋದವನ್ನಾಡಿದವರೇ ಇಲ್ಲಿ ನಗುವನ್ನು ತಡೆದರು. ಒಂದು ಜನರು ಇನ್ನೊಂದು ಜನರನ್ನು ಅಪಹಾಸ್ಯ ಮಾಡಬಾರದು, ಅವರು ಇವರಿಗಿಂತ ಉತ್ತಮರಾಗಿರಬಹುದು ಎಂಬುದು ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತದ ಆದೇಶ.

ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವೂ ಇಂಥದೇ ಗೆರೆಯೊಂದನ್ನು ಎಳೆದಿದೆ. ಚಲನಚಿತ್ರವೊಂದರಲ್ಲಿ ಅಂಗವಿಕಲರನ್ನು ಗೇಲಿ ಮಾಡಲಾಗಿದೆಯೆಂದು, ಸ್ವತಃ ಗಾಲಿಕುರ್ಚಿ ಬಳಸುವ ನಿಪುಣ್ ಮಲ್ಹೋತ್ರಾ ಅವರು ಹೂಡಿದ ಮೊಕದ್ದಮೆಯಲ್ಲಿ 2024ರ ಜುಲೈ 8ರಂದು ತೀರ್ಪು ಬಂತು. ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ, ಅಂಗವೈಕಲ್ಯವನ್ನು ಜನರು ಸರಿಯಾಗಿ ಅರಿಯುವಂತೆ ಮಾಡುವ ಹಾಸ್ಯ ಬೇರೆ ಎಂದು ನ್ಯಾಯಾಲಯ ವಿಂಗಡಿಸಿತು. ಮೊದಲನೆಯದು ಮನುಷ್ಯನ ಘನತೆಯನ್ನು ಕಸಿಯುತ್ತದೆ, ಎರಡನೆಯದು ತಪ್ಪು ತಿಳಿವಳಿಕೆಯನ್ನು ಕಳೆಯುತ್ತದೆ.

ನಗುವವರು ಅಳುವುದಿಲ್ಲವೆಂದೂ ಯಾರೂ ತಿಳಿಯಬಾರದು. ಆನೇಕಲ್ ತಿರುವಿನ ಔಷಧಿ ಅಂಗಡಿಯ ಮುಂದೆ ಪತ್ನಿಗಾಗಿ ಕಾಯುತ್ತಿದ್ದಾಗ, ಸಜ್ಜನರೊಬ್ಬರು ನಮ್ಮ ಮಡಿಲಲ್ಲಿ ಹತ್ತು ರೂಪಾಯಿಯ ನೋಟನ್ನಿಟ್ಟು ಸರಸರನೆ ನಡೆದುಹೋದರು. ಹೊರಬಂದ ಪತ್ನಿ ನೋಟನ್ನು ಕಂಡು, "ಎರಡು ನಿಮಿಷ ಬಿಟ್ಟುಹೋದರೆ ಸಂಪಾದನೆ ಶುರುಮಾಡಿದ್ದೀರಲ್ಲ" ಎಂದಳು. "ಇನ್ನರ್ಧ ಗಂಟೆ ಅಂಗಡಿಯಲ್ಲೇ ಇದ್ದು ಬಾ, ಔಷಧಿಯ ಬಿಲ್ಲೂ ತೀರೀತು" ಎಂದೆವು. ದಾರಿಯುದ್ದಕ್ಕೂ ನಕ್ಕೆವು. ನೋಟು ಮಸೀದಿಯ ಪೆಟ್ಟಿಗೆ ಸೇರಿತು. ಆ ರಾತ್ರಿ ಮಕ್ಕಳು ಮಲಗಿದ ಮೇಲೆ ಅವಳು ಬಹಳ ಹೊತ್ತು ಅತ್ತಳು. ನಗು ಸುಳ್ಳಾಗಿರಲಿಲ್ಲ, ಕಣ್ಣೀರೂ ಸುಳ್ಳಾಗಿರಲಿಲ್ಲ. ಎರಡಕ್ಕೂ ಒಂದೇ ಮನೆಯಲ್ಲಿ ಜಾಗವಿದೆ.

ನಗು ಇಳಿಜಾರಿಗೆ ಬದಲಿಯೂ ಅಲ್ಲ. ನಾವು ಹೋಗುತ್ತಿದ್ದ ಮಸೀದಿಗೆ ಮೂರು ಮೆಟ್ಟಿಲು, ಒಟ್ಟು 18 ಅಂಗುಲ ಎತ್ತರ. ನಮಗಾಗಿ ಪ್ರೀತಿಯಿಂದ ಐದಡಿ ಉದ್ದದ ಇಳಿಜಾರೊಂದನ್ನು ಕಟ್ಟಿಸಿದರು. ಅದನ್ನು ಹತ್ತಲು ನಾಲ್ವರು ಬೇಕಿತ್ತು, ಇಳಿಯುವಾಗ ಕಲಿಮಾ ಬೇಕಿತ್ತು. ಈ ಮಾತನ್ನು ಸಮಿತಿಯ ಹಿರಿಯರಿಗೆ ಹೇಳಿದಾಗ ಅವರೂ ನಕ್ಕರು, ಬಳಿಕ ಲೆಕ್ಕ ಕೇಳಿದರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಎಂಬುದು ಸರಕಾರದ ಮಾರ್ಗಸೂಚಿಯಲ್ಲಿರುವ ಅಳತೆ. ಅಂದರೆ 18 ಅಂಗುಲಕ್ಕೆ 18 ಅಡಿ. ಈಗ ಅಷ್ಟುದ್ದದ ಇಳಿಜಾರಿದೆ. ಮಂಡಿನೋವಿನ ಹಿರಿಯರೂ ನೀರಿನ ಕ್ಯಾನು ತರುವ ಹುಡುಗನೂ ಅದರಲ್ಲೇ ಬರುತ್ತಾರೆ. ಮೆಟ್ಟಿಲುಗಳು ಬಹುಮಟ್ಟಿಗೆ ಚಪ್ಪಲಿಗಳಿಗೆ ಮೀಸಲಾಗಿವೆ.

ಕಳೆದ ರಮಝಾನಿನಲ್ಲಿ ತರಾವೀಹ್ ಮುಗಿಸಿ ಆ ಇಳಿಜಾರಿನಲ್ಲಿ ಇಳಿಯುತ್ತಿದ್ದಾಗ ತಳ್ಳುತ್ತಿದ್ದವನು ಮಗ. ಅವನಿಗೆ ಈಗ ಹದಿನೆಂಟು. ಮನೆಯವರೆಲ್ಲ ನಗುವಾಗಲೂ ಅವನು ಇಷ್ಟು ವರ್ಷ ಮುಗುಳ್ನಕ್ಕು ಎದ್ದುಹೋಗುತ್ತಿದ್ದ. ಅಂದು ಅವನು ಇದ್ದಕ್ಕಿದ್ದಂತೆ ಹೇಳಿದ: "ಅಬ್ಬಾ, ಮೊದಲು ಸ್ಕೂಟರಿನಲ್ಲೂ ನಾನು ನಿಮ್ಮ ಹಿಂದೆಯೇ ಇರುತ್ತಿದ್ದೆ, ಈಗಲೂ ಹಿಂದೆಯೇ ಇದ್ದೇನೆ. ಏನೂ ಬದಲಾಗಿಲ್ಲ. ಈಗ ಪೆಟ್ರೋಲ್ ನಾನೇ, ಅಷ್ಟೆ." ನಮಗೆ ನಗು ಉಕ್ಕಿಬಂತು. ಅವನೂ ನಕ್ಕ. ಸ್ವಲ್ಪ ದೂರ ಸಾಗಿದ ಮೇಲೆ ಕುರ್ಚಿ ನಿಂತಿತು. "ಅವತ್ತು ನಾನು ಚಾರ್ಟ್ ಪೇಪರ್ ಕೇಳದಿದ್ದರೆ ನೀವು ಮಳೆಯಲ್ಲಿ ಹೊರಡುತ್ತಿರಲಿಲ್ಲ" ಎಂದ.

ಆ ಸಂಜೆ ನಾವು ಏನನ್ನು ತರಲು ಹೋಗಿದ್ದೆವೆಂಬುದು ನಮಗೆ ಮರೆತೇ ಹೋಗಿತ್ತು. ಏಳು ವರ್ಷದ ಮಗು ಅದನ್ನು ಹೊತ್ತುಕೊಂಡು ಹದಿನೆಂಟು ವರ್ಷದವನಾಗಿದ್ದ. ಅವನನ್ನು ಎದುರಿಗೆ ಕರೆದು, ಪಕ್ಕದ ಕಟ್ಟೆಯ ಮೇಲೆ ಕೂರಿಸಿ ಹೇಳಿದೆವು: "ಚಿತ್ರ ಬಿಡಿಸಲು ಮಗು ಕಾಗದ ಕೇಳುವುದು ತಪ್ಪಲ್ಲ. ತರಲು ಹೋಗುವುದು ತಂದೆಯ ಸಂತೋಷ. ಮಳೆಯನ್ನೂ ಹೊಂಡವನ್ನೂ ನೀನು ತಂದಿರಲಿಲ್ಲ. ಅಲ್ಲಾಹನು ಬರೆದುದನ್ನು ನಿನ್ನ ಚೀಲದಲ್ಲಿಟ್ಟುಕೊಂಡು ತಿರುಗಬೇಡ." ಅವನು ಅತ್ತ, ಆಮೇಲೆ ಹಗುರಾದ. ಹನ್ನೊಂದು ವರ್ಷಗಳಲ್ಲಿ ಎಷ್ಟೋ ಜನ ಅವನ ತಲೆ ಸವರಿ ಸಾಂತ್ವನ ಹೇಳಿದ್ದರು. ಯಾರಿಗೂ ತೆರೆಯದ ಬಾಗಿಲನ್ನು ಅವನದೇ ಒಂದು ಪೆಟ್ರೋಲಿನ ಮಾತು ತೆರೆಯಿತು. ನಗುವಿನಿಂದ ನಾವು ಪಡೆದುದರಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಗಾಲಿಕುರ್ಚಿ ಬಳಸುವವರಿದ್ದರೆ ಅವರ ಬಳಿ ಕುಳಿತು ಮಾತನಾಡಿ, ಆಗ ಅವರ ಕುತ್ತಿಗೆಗೆ ನೋವಾಗದು. ಕುರ್ಚಿಯನ್ನು ತಳ್ಳುವ ಮೊದಲು ಒಂದು ಮಾತು ಕೇಳಿ. ಮದುವೆಗೂ ಅಖೀಕಾಕ್ಕೂ ಕರೆಯಿರಿ, ಕರೆಯುವ ಮೊದಲು ಸಭಾಂಗಣದ ಮೆಟ್ಟಿಲುಗಳನ್ನು ಎಣಿಸಿ. ಸಬ್ರಿನ ಉಪದೇಶ ಅವರಿಗೆ ಸಾಕಷ್ಟು ಸಿಕ್ಕಿರುತ್ತದೆ, ಊರಿನ ಸುದ್ದಿ ಹೇಳಿ. ಅವರು ತಮ್ಮ ಬಗ್ಗೆ ತಾವೇ ತಮಾಷೆ ಮಾಡಿದರೆ ಗಾಬರಿಯಾಗಬೇಡಿ, ಅದು ನಿಮ್ಮನ್ನು ಹತ್ತಿರಕ್ಕೆ ಕರೆಯುವ ರೀತಿ, ಕೂಡಿ ನಗಿ. ಅವರು ನಗದಿರುವ ದಿನ ಸುಮ್ಮನೆ ಪಕ್ಕದಲ್ಲಿರಿ.

ನಮ್ಮೆಲ್ಲರ ಮನೆಗಳಲ್ಲಿ ಯಾರನ್ನೂ ನೋಯಿಸದ ನಗುವನ್ನು ಅಲ್ಲಾಹನು ಉಳಿಸಲಿ, ತಳ್ಳುವ ಕೈಗಳಿಗೆ ಬಲವನ್ನೂ ಕುಳಿತವರಿಗೆ ಕೃತಜ್ಞತೆಯನ್ನೂ ಕರುಣಿಸಲಿ. ಆಮೀನ್.